ಮೂರೂವರೆ ಮನೆಯ ಶ್ರುತಿ

ಕಪಿಲೆಯ ದಂಡೆಯ ಸಂಗೀತಾಶ್ರಮದಲ್ಲಿ ಒಂದು ನಿಯಮವಿತ್ತು: ಒಂದೇ ಕೋಲಿನಿಂದ ಅಳೆಯದವನ್ನು ಒಂದೇ ಮೊತ್ತದಲ್ಲಿ ಕೂಡಿಸಬಾರದು.

ಆ ವರ್ಷ ಅಲ್ಲಿದ್ದವರೆಲ್ಲ ಅದನ್ನು ಮುರಿದರು. ವ್ಯವಸ್ಥಾಪಕರು ಮುರಿದರು. ಶಿಷ್ಯರು ಮುರಿದರು. ನಿಯಮವನ್ನು ಹೇಳಿಕೊಟ್ಟಿದ್ದ ಗುರುಗಳೂ ಮುರಿದರು.

ಗುರು ಪುರುಷೋತ್ತಮಯ್ಯನವರಿಗೆ ವಯಸ್ಸಾಗಿತ್ತು. ಅವರು ಹಾಡುವಾಗ ಬೆನ್ನ ಹಿಂದೆ ಒಬ್ಬ ಶಿಷ್ಯ ತಂಬೂರಿ ಹಿಡಿದು ಕೂರುವುದು ಅಲ್ಲಿನ ಪದ್ಧತಿ. ಅದನ್ನು ಹಿಂಬದಿಯ ಸ್ಥಾನ ಎನ್ನುತ್ತಿದ್ದರು. ಪಲ್ಲವಿಗಳನ್ನು ಗುರುಗಳು ಪಾಠವಾಗಿ ಹೇಳಿಕೊಡುತ್ತಿರಲಿಲ್ಲ. ಹಿಂದೆ ಕೂತವರು ಕೇಳಿ, ದನಿಗೂಡಿಸಿ ಕಲಿಯಬೇಕು. ಬೇರೆ ದಾರಿ ಇರಲಿಲ್ಲ.

ಹಿಂದಿನ ಸಲ ಗುರುಗಳು ತಾವೇ ಒಬ್ಬನನ್ನು ಆರಿಸಿದ್ದರು. ಅವನು ಅರ್ಧಂಬರ್ಧ ಕಲಿತು, ಮದುವೆಮನೆಗಳ ಆರ್ಕೆಸ್ಟ್ರಾ ಸೇರಿ ಹೊರಟುಹೋದ. ಗುರುಗಳ ಕಿವಿ ಮುಂಚಿನಂತಿಲ್ಲ ಎಂದು ಜನ ಆಡಿಕೊಂಡರು. ಆ ಮಾತು ಅವರ ಕಿವಿಗೂ ಬಿತ್ತು.

ಈಗ ಸ್ಥಾನಕ್ಕೆ ಇಬ್ಬರಿದ್ದರು, ಗೋವರ್ಧನ ಮತ್ತು ವಾರಿಜಾ. ಸಿಕ್ಕವರು ಉಳಿಯಬಹುದು. ಸಿಗದವರು, ಸ್ಥಾನವನ್ನು ಸಾರುವ ಪಂಚಮಿಯ ಸಭೆ ಕಳೆದ ಮೇಲೆ ಊರಿಗೆ ಹೊರಡಬೇಕು. ವಾರಿಜಾಳ ಅಣ್ಣ ಆಗಲೇ ಅವಳಿಗೆ ಶಾಲೆಯೊಂದರಲ್ಲಿ ಬೆಳಗಿನ ಪ್ರಾರ್ಥನೆ ಹೇಳಿಸುವ ಕೆಲಸ ಗೊತ್ತುಮಾಡಿದ್ದ. ಅವಳು ಅದರ ಬಗ್ಗೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ವ್ಯವಸ್ಥಾಪಕ ಚಂದ್ರಮೌಳಿಗಳು ಹೇಳಿದರು: “ಈ ಸಲ ಕಿವಿ ಬೇಡ ಗುರುಗಳೇ. ಅಂಕಿ ಇರಲಿ. ಅಂಕಿ ಮೇಲೆ ಯಾರೂ ಚಾಡಿ ಹೇಳೋಕಾಗಲ್ಲ.”

ಗುರುಗಳು ತಂಬೂರಿಯ ತಂತಿಯೊಂದನ್ನು ಮೀಟಿ ಬಿಟ್ಟರು.

“ಆಗಲಿ” ಎಂದರು.

ಅಂಕಿಯ ಕೆಲಸ ಇಂದುಧರನ ಪಾಲಿಗೆ ಬಂತು. ಅವನು ವಿಶ್ವವಿದ್ಯಾಲಯದಿಂದ ಸಂಗೀತದ ಸಂಶೋಧನೆಗೆಂದು ಬಂದು, ಗುರುಗಳಲ್ಲಿ ಪಾಠಕ್ಕೂ ಕೂತವನು. ಗಣಿತ ಬಲ್ಲವನು. ಗೋವರ್ಧನ ಅವನನ್ನು ಈಗಿನಿಂದಲೇ ಡಾಕ್ಟ್ರೇ ಎಂದು ಕರೆಯುತ್ತಿದ್ದ.

ಇಂದುಧರ ಮನಸ್ಸಿಟ್ಟು ಕೆಲಸ ಮಾಡಿದ. ಊರಿನಿಂದ ಹತ್ತು ಜನ ಕೇಳುಗರನ್ನು ಕರೆತಂದ. ಇಬ್ಬರಿಂದಲೂ ಒಂದೇ ಕೃತಿಯನ್ನು ಹಾಡಿಸಿದ. ಕೇಳುಗರು ಒಂದರಿಂದ ಐದರೊಳಗೆ ಅಂಕ ಕೊಟ್ಟರು. ಆಮೇಲೆ ಒಬ್ಬೊಬ್ಬರೂ ಒಂದೇ ಉಸಿರಿನಲ್ಲಿ ಷಡ್ಜವನ್ನು ಎಷ್ಟು ಹೊತ್ತು ಹಿಡಿಯಬಲ್ಲರು ಎಂದು ಗಡಿಯಾರ ಇಟ್ಟುಕೊಂಡು ನೋಡಿದ. ಕೊನೆಗೆ ಅವರವರ ಶ್ರುತಿಯನ್ನೂ ಬರೆದುಕೊಂಡ.

ಶ್ರುತಿಯನ್ನು ಅಲ್ಲಿ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುವುದು ರೂಢಿ. ಬಿಳಿ ಮನೆಗಳು ಒಂದು, ಎರಡು, ಮೂರು ಎಂದು ಸಾಗುತ್ತವೆ. ನಡುವೆ ಬರುವ ಕರಿ ಮನೆ ಒಂದೂವರೆ, ಎರಡೂವರೆ ಎನಿಸಿಕೊಳ್ಳುತ್ತದೆ. ಗೋವರ್ಧನನ ತಗ್ಗಿನ ದನಿಗೆ ಒಂದು ಮನೆ ಶ್ರುತಿ. ವಾರಿಜಾಳದು ಐದೂವರೆ.

“ಅದನ್ನೂ ಯಾಕೆ ಸೇರಿಸ್ತೀಯಯ್ಯಾ?” ಎಂದು ಚಂದ್ರಮೌಳಿಗಳು ಕೇಳಿದರು.

“ಎತ್ತರದಲ್ಲಿ ಹಾಡೋದು ಕಷ್ಟ ಅಲ್ವೇ ಸಾರ್? ಕಷ್ಟಕ್ಕೂ ಒಂದು ಬೆಲೆ ಇರಬೇಕು.”

“ಇರಬೇಕು, ಇರಬೇಕು. ಏನನ್ನೂ ಬಿಡಬೇಡ.”

ಮರುದಿನ ಪಾಠದ ಹಜಾರದ ಕರಿಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದ. ಗೋವರ್ಧನ: ಶ್ರುತಿ ಒಂದು, ಮೆಚ್ಚುಗೆ ನಾಲ್ಕು, ಉಸಿರು ಇಪ್ಪತ್ತನಾಲ್ಕು ಸೆಕೆಂಡು. ಮೊತ್ತ ಇಪ್ಪತ್ತೊಂಬತ್ತು. ವಾರಿಜಾ: ಶ್ರುತಿ ಐದೂವರೆ, ಮೆಚ್ಚುಗೆ ಮೂರು, ಉಸಿರು ಇಪ್ಪತ್ತೊಂದು. ಮೊತ್ತ ಇಪ್ಪತ್ತೊಂಬತ್ತೂವರೆ.

ವಾರಿಜಾ ಅರ್ಧದಲ್ಲಿ ಗೆದ್ದಿದ್ದಳು.

ಗೋವರ್ಧನನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ನಕ್ಕುಬಿಟ್ಟ.

“ಡಾಕ್ಟ್ರೇ, ಮೇಳಕರ್ತ ರಾಗಗಳಲ್ಲಿ ಇಪ್ಪತ್ತೊಂಬತ್ತನೆಯದು ಶಂಕರಾಭರಣ. ಮೂವತ್ತನೆಯದು ನಾಗಾನಂದಿನಿ. ನಾನು ಶಂಕರಾಭರಣ ಅಂದಮೇಲೆ ಇವಳು ಯಾವ ರಾಗ?”

ಎಲ್ಲರೂ ನಕ್ಕರು. ಯಾರೂ ಉತ್ತರಕ್ಕಾಗಿ ಕಾಯಲಿಲ್ಲ.

ಗುರುಗಳು ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ವಾರಿಜಾಳನ್ನು ನೋಡಿದರು. “ಸರಿ” ಎಂದು ಹೊಳೆಯ ಕಡೆ ನಡೆದರು.

ವಾರಿಜಾ ಕೂಡ ಏನೂ ಕೇಳಲಿಲ್ಲ. ಅವಳಿಗೆ ಸ್ಥಾನ ಸಿಕ್ಕಿತ್ತು.

*

ಎರಡು ದಿನ ಕಳೆದು ಇಂದುಧರ ಗುರುಗಳ ಬಳಿ ಬಂದ. ಕಿಟಕಿಯ ಪಕ್ಕದಲ್ಲಿ ವಾರಿಜಾ ತಂಬೂರಿಯ ತಂತಿಗಳ ಅಡಿ ನೂಲು ಸರಿಸುತ್ತ ನಾದ ಹೊಂದಿಸುತ್ತಿದ್ದಳು.

“ಗುರುಗಳೇ, ಇದೇ ಕ್ರಮದಲ್ಲಿ ಇನ್ನೊಂದು ಮಾಡಿದೀನಿ. ನಿಮ್ಮ ಆಶೀರ್ವಾದ ಬೇಕು.”

“ಏನದು?”

“ಪಂಚಮಿ ದಿನ ಆಶ್ರಮದ ನಾಲ್ಕೂ ಜನ ಶಿಷ್ಯರು ಒಟ್ಟಿಗೆ ಹಾಡಬೇಕಲ್ಲ. ಒಬ್ಬೊಬ್ಬರದು ಒಂದೊಂದು ಶ್ರುತಿ. ಒಂದು, ಎರಡು, ಐದೂವರೆ, ಐದೂವರೆ. ಕೂಡಿಸಿ ನಾಲ್ಕರಿಂದ ಭಾಗಿಸಿದೆ. ಯಾರಿಗೂ ಅನ್ಯಾಯ ಆಗಬಾರದು ನೋಡಿ.”

“ಎಷ್ಟು ಬಂತು?”

“ಮೂರೂವರೆ.”

ವಾರಿಜಾಳ ಕೈ ತಂತಿಯ ಮೇಲೆ ನಿಂತಿತು.

ಗುರುಗಳು ನಗಲಿಲ್ಲ. “ಹಾರ್ಮೋನಿಯಂ ತಗೊಂಡು ಬಾ” ಎಂದರು.

ಇಂದುಧರ ತಂದ.

“ಮೂರೂವರೆ ಮನೆ ಒತ್ತು.”

ಅವನು ತಿದಿ ಒತ್ತಿ ಬಲಗೈ ಬೆರಳನ್ನು ಚಾಚಿದ. ಮೂರನೆಯ ಬಿಳಿ ಮನೆ ಸಿಕ್ಕಿತು. ನಾಲ್ಕನೆಯ ಬಿಳಿ ಮನೆ ಸಿಕ್ಕಿತು. ನಡುವೆ ಕರಿ ಮನೆ ಇರಲಿಲ್ಲ. ಅವನ ಬೆರಳು ಎರಡರ ಸಂದಿನಲ್ಲಿ ನಿಂತಿತು.

“ಒತ್ತಪ್ಪಾ.”

“ಇಲ್ಲ ಗುರುಗಳೇ. ಇಲ್ಲಿ ಇಲ್ಲ.”

“ಇಲ್ಲದ ಶ್ರುತೀಲಿ ನಾಲ್ಕು ಜನ ಹಾಡ್ತಾರೆ. ಒಬ್ಬರಿಗೂ ಅನ್ಯಾಯ ಆಗಲ್ಲ.”

ಇಂದುಧರನ ಕಿವಿ ಕೆಂಪಾಯಿತು.

“ಒಂದರಿಂದ ಎರಡಕ್ಕೆ ಹೋಗು” ಎಂದರು ಗುರುಗಳು. “ಯಾವುದನ್ನೂ ಬಿಡಬೇಡ.”

ಅವನು ಬಿಳಿ, ಕರಿ, ಬಿಳಿ ಒತ್ತಿದ. “ಎರಡು ಹೆಜ್ಜೆ.”

“ಮೂರರಿಂದ ನಾಲ್ಕಕ್ಕೆ?”

“ಒಂದೇ ಹೆಜ್ಜೆ.”

“ಹೆಸರು ಕೇಳಿದರೆ ಎರಡೂ ಒಂದೇ ದೂರ ಅನ್ನೋ ಹಾಗಿದೆ.”

“ಹಾಗಾದ್ರೆ ಈ ಅಂಕಿ ಸುಳ್ಳೇ?”

“ಸುಳ್ಳು ಯಾಕಾಗುತ್ತೆ? ‘ಐದೂವರೆ’ ಅಂದರೆ ವಾರಿಜಾ ಎಲ್ಲಿ ಬೆರಳಿಡಬೇಕೋ ಅಲ್ಲೇ ಇಡ್ತಾಳೆ. ಅಷ್ಟು ಹೇಳೋಕೆ ಅಂತ ಇಟ್ಟ ಹೆಸರು. ಅದರ ಕೈಲಿ ಅಷ್ಟೇ ಕೆಲಸ ಮಾಡಿಸು.”

ಇಂದುಧರ ಯೋಚಿಸಿದ. “ಬಿಳಿ ಕರಿ ಅನ್ನದೆ ಎಲ್ಲಾ ಮನೆಗಳನ್ನೂ ಒಂದೊಂದಾಗಿ ಎಣಿಸಿದರೆ? ಹೆಜ್ಜೆ ಹೆಜ್ಜೆಗೂ ದೂರ ಸಮ.”

“ಎಣಿಸು. ಗೋವರ್ಧನನ ಸ ಇಂದ ಪ ಎಷ್ಟು ದೂರ?”

“ಏಳು ಹೆಜ್ಜೆ.”

“ವಾರಿಜಾಳ ಸ ಇಂದ?”

“ಅಲ್ಲೂ ಏಳೇ.”

“ದೂರ ಸರಿ ಬಂತು. ಈಗ ಹೇಳು. ಗೋವರ್ಧನನಿಗಿಂತ ವಾರಿಜಾ ಎಷ್ಟು ಪಾಲು ಎತ್ತರ? ಎರಡು ಪಾಲಾ, ಐದು ಪಾಲಾ?”

ಇಂದುಧರ ಬೆರಳನ್ನು ಒಂದನೆಯ ಮನೆಗೆ ತಂದ. ಎಲ್ಲಿಂದ ಎಣಿಸಬೇಕು ಎಂಬುದೇ ಅವನಿಗೆ ತೋಚಲಿಲ್ಲ. ಒಂದನೆಯ ಮನೆಯ ಎಡಗಡೆಗೂ ಮನೆಗಳಿದ್ದವು.

“ಇಷ್ಟು ಹೆಜ್ಜೆ ಮೇಲೆ ಅಂತ ಹೇಳಬಹುದು ಗುರುಗಳೇ. ಇಷ್ಟು ಪಾಲು ಅಂತ ಹೇಳೋಕಾಗಲ್ಲ. ಶುರು ಎಲ್ಲಿ ಅನ್ನೋದು ನಾವು ಇಟ್ಟುಕೊಂಡದ್ದು.”

“ಮುಚ್ಚು ಪೆಟ್ಟಿಗೆ” ಎಂದರು ಗುರುಗಳು.

ಇಂದುಧರ ಹಾರ್ಮೋನಿಯಂ ಮುಚ್ಚಿದ. ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಅಲ್ಲಿಂದ ಹಜಾರದ ಕರಿಹಲಗೆ ಕಾಣುತ್ತಿತ್ತು.

ಇಪ್ಪತ್ತೊಂಬತ್ತೂವರೆ.

ಆ ಅರ್ಧ ಎಲ್ಲಿಂದ ಬಂದದ್ದೆಂದು ಅವನಿಗೆ ಹೊಳೆಯಿತು. ತಿರುಗಿ ನೋಡಿದ. ವಾರಿಜಾ ಕೂಡ ಹಲಗೆಯನ್ನೇ ನೋಡುತ್ತಿದ್ದಳು.

*

ಆ ಸಂಜೆ ಅವನು ಗುರುಗಳನ್ನು ಹುಡುಕಿಕೊಂಡು ಹೊಳೆಗೆ ಹೋದ.

“ಶ್ರುತೀನ ಅಳಿಸಿಬಿಡ್ತೀನಿ ಗುರುಗಳೇ. ಆಗ ಗೋವರ್ಧನನಿಗೆ ಇಪ್ಪತ್ತೆಂಟು, ವಾರಿಜಾಗೆ ಇಪ್ಪತ್ನಾಲ್ಕು. ಗೋವರ್ಧನನೇ ಗೆದ್ದ ಹಾಗಾಯ್ತು. ಈಗಲೇ ಹೇಳಿಬಿಡೋಣ.”

“ಮೆಚ್ಚುಗೇನ ಉಳಿಸಿಕೊಂಡೆಯಾ?”

“ಅದು ಹತ್ತು ಜನರ ಅಭಿಪ್ರಾಯ. ಸರಾಸರಿ ತೆಗೆದಿದೀನಿ.”

“ಇಲ್ಲಿ ಇಳಿ. ಮೂರನೇ ಮೆಟ್ಟಿಲ ಮೇಲೆ ನಿಲ್ಲು.”

ಇಂದುಧರ ಪಂಚೆ ಮೇಲೆತ್ತಿಕೊಂಡು ಇಳಿದ. ಆಶ್ರಮದ ಸೋಪಾನಗಳು ತಗ್ಗಿನವು. ನೀರು ಪಾದ ಮುಳುಗುವಷ್ಟಿತ್ತು.

“ಹತ್ತಿ ಬಾ. ಈಗ ಅಲ್ಲಿ ಹೋಗಿ ಮೂರನೇ ಮೆಟ್ಟಿಲ ಮೇಲೆ ನಿಲ್ಲು.”

ಗುರುಗಳು ತೋರಿಸಿದ್ದು ಪಕ್ಕದ ಹಳೆಯ ಸೋಪಾನಕಟ್ಟೆಯನ್ನು. ಅಲ್ಲಿನ ಕಲ್ಲುಗಳು ಮೊಣಕಾಲೆತ್ತರದವೆಂದು ಊರಿನವರೆಲ್ಲ ಬಲ್ಲರು. ಇಂದುಧರ ಊರಿನವನಲ್ಲ. ಮೊದಲನೆಯದಕ್ಕೆ ಮೊಣಕಾಲು ಮುಳುಗಿತು. ಎರಡನೆಯದಕ್ಕೆ ಸೊಂಟ. ಮೂರನೆಯದಕ್ಕೆ ಕಾಲಿಟ್ಟವನು ಕತ್ತಿನವರೆಗೆ ಇಳಿದು, ಕಲ್ಲಿನ ಅಂಚು ಹಿಡಿದು ಏದುಸಿರುಬಿಟ್ಟ.

ಬಟ್ಟೆ ಹಿಂಡುತ್ತಿದ್ದ ಮುದುಕಿ ತಾಯಮ್ಮ ಕೂಗಿದಳು: “ಅಯ್ಯೋ, ಓದಿದ ಹುಡುಗ! ಅಲ್ಲಿಗ್ಯಾಕಪ್ಪಾ ಇಳಿದೆ?”

“ಮೂರನೇ ಮೆಟ್ಟಿಲಮ್ಮಾ” ಎಂದ ಇಂದುಧರ ನಡುಗುತ್ತ.

“ಯಾರದು ಮೂರನೇದು?”

ಗುರುಗಳು ಅವನಿಗೆ ಕೈಕೊಟ್ಟು ಮೇಲೆಳೆದುಕೊಂಡರು. “ತಾಯಮ್ಮನೂ ನಿನ್ನ ಹತ್ತು ಜನರಲ್ಲಿ ಒಬ್ಬಳಲ್ವೇ? ಕೇಳು.”

ಇಂದುಧರ ತೊಟ್ಟಿಕ್ಕುತ್ತಲೇ ಕೇಳಿದ: “ತಾಯಮ್ಮಾ, ನೀವು ವಾರಿಜಾಗೆ ಮೂರು ಕೊಟ್ರಲ್ಲ, ಅಷ್ಟೇನಾ ಅವಳು ಹಾಡಿದ್ದು?”

“ಅಷ್ಟೇನಾ ಅಂದ್ರೆ? ನಾನು ಯಾರಿಗೂ ಎರಡರ ಮೇಲೆ ಕೊಟ್ಟೋಳಲ್ಲ. ಐದು ಕೊಡೋದು ದೇವರಿಗೆ. ಆ ಹುಡುಗಿ ಹಾಡಿದಾಗ ಎದೆ ಝಲ್ ಅಂತು, ಹೋಗ್ಲಿ ಅಂತ ಮೂರು ಕೊಟ್ಟೆ.”

“ಗೋವರ್ಧನನಿಗೆ?”

“ಎರಡು. ಪಾಪ, ಚೆನ್ನಾಗೇ ಹಾಡ್ದ.”

ಮೇಲಿನ ಕಟ್ಟೆಯಲ್ಲಿ ನಂಜುಂಡ ಮೇಷ್ಟ್ರು ಕೂತಿದ್ದರು. ಅವರೂ ಆ ಹತ್ತರಲ್ಲಿ ಒಬ್ಬರು. ತಾಯಮ್ಮನ ಮಾತು ಕೇಳಿ ಅವರಿಗೆ ಸುಮ್ಮನಿರಲಾಗಲಿಲ್ಲ.

“ಎರಡು ಯಾರಿಗಾದ್ರೂ ಕೊಡ್ತಾರೇನಮ್ಮಾ! ಮಕ್ಕಳು ನೊಂದ್ಕೋತಾರೆ. ನಾನು ಗೋವರ್ಧನನಿಗೆ ಐದು ಕೊಟ್ಟೆ. ವಾರಿಜಾಗೂ ಐದು ಕೊಡೋನೇ. ಕಣ್ಣು ಮುಚ್ಕೊಂಡು ಹಾಡಿದಳು ಅಂತ ಒಂದು ಕಳೆದೆ. ಸಭೆ ಮುಂದೆ ಕಣ್ಣು ಮುಚ್ಚಬಾರದು.”

“ಕಣ್ಣಿಗೂ ಹಾಡಿಗೂ ಏನು ಸಂಬಂಧ ಮೇಷ್ಟ್ರೇ?” ಎಂದಳು ತಾಯಮ್ಮ.

“ಶಿಸ್ತು ಅಂತ ಒಂದಿರುತ್ತಲ್ಲಮ್ಮಾ.”

“ಅದಕ್ಕೇ ನಿಮ್ಮ ಪಾಠದಲ್ಲಿ ಮಕ್ಕಳೆಲ್ಲ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ರು.”

ಇಂದುಧರ ಮೆಟ್ಟಿಲ ಮೇಲೆ ಕೂತುಬಿಟ್ಟ.

“ತಾಯಮ್ಮನ ಮೂರು ಮೇಷ್ಟ್ರ ಐದಕ್ಕಿಂತ ಮೇಲಿದೆ” ಎಂದ.

“ಮೇಲಿದೆಯೋ ಕೆಳಗಿದೆಯೋ ನನಗೂ ಗೊತ್ತಿಲ್ಲ” ಎಂದರು ಗುರುಗಳು. “ತಾಯಮ್ಮನಿಗೆ ಗೋವರ್ಧನನಿಗಿಂತ ವಾರಿಜಾ ಮೇಲು. ಮೇಷ್ಟ್ರಿಗೆ ವಾರಿಜಾಳಿಗಿಂತ ಗೋವರ್ಧನ ಮೇಲು. ಮೆಟ್ಟಿಲು ಅಷ್ಟೇ ಹೇಳುತ್ತೆ. ನೀರು ಎಷ್ಟು ಅಂತ ಹೇಳಲ್ಲ.”

“ನಾನು ಮೆಟ್ಟಿಲು ಕೂಡಿಸಿ ನೀರು ಅಂದೆ.”

“ಮೈ ಒರೆಸ್ಕೋ. ನೆಗಡಿಯಾಗುತ್ತೆ.”

*

ಮರುದಿನ ಅವನು ಪಾಠ ಮುಗಿದ ಮೇಲೂ ಎದ್ದುಹೋಗಲಿಲ್ಲ. ಗೋವರ್ಧನನೂ ವಾರಿಜಾಳೂ ಅಲ್ಲೇ ಇದ್ದರು.

“ಉಸಿರು ಒಂದಾದರೂ ನಿಲ್ಲುತ್ತೆ ಗುರುಗಳೇ. ಸೆಕೆಂಡು ಎಲ್ಲರಿಗೂ ಒಂದೇ. ಇಪ್ಪತ್ನಾಲ್ಕು ಅಂದರೆ ಹನ್ನೆರಡರ ಎರಡು ಪಟ್ಟು. ಸೊನ್ನೆ ಅಂದರೆ ಹಾಡಲೇ ಇಲ್ಲ ಅಂತ. ಇದರಲ್ಲಿ ಮೋಸ ಇಲ್ಲ.”

ಗುರುಗಳ ಮುಖ ಅರಳಿತು. ತಮ್ಮ ತಂಬೂರಿಯನ್ನು ಅವನತ್ತ ಒಡ್ಡಿ, “ಷಡ್ಜದ ತಂತಿಯ ನಟ್ಟನಡುವೆ ಮೆಲ್ಲಗೆ ಬೆರಳಿಟ್ಟು ಮೀಟು” ಎಂದರು.

ಅವನು ಮೀಟಿದ. ಮೇಲಿನ ಷಡ್ಜ ನುಡಿಯಿತು.

“ಅರ್ಧ ಮಾಡಿದೆ, ಅರ್ಧವೇ ಆಯ್ತು. ತಂತಿ ಉದ್ದಕ್ಕೆ ಶುರು ಇದೆ. ಸೊನ್ನೆ ಅಂದರೆ ತಂತಿಯೇ ಇಲ್ಲ. ಇಂಥ ಕಡೆ ನೀನು ಕೂಡಬಹುದು, ಕಳೀಬಹುದು, ಪಟ್ಟು ಹೇಳಬಹುದು. ನಿನ್ನ ಉಸಿರಿನ ಲೆಕ್ಕ ಈ ಜಾಗದ್ದು. ಸರಿಯಾಗಿದೆ.”

ಇಂದುಧರನಿಗೆ ಎರಡು ದಿನಗಳಲ್ಲಿ ಮೊದಲ ಬಾರಿ ಜೀವ ಬಂದಂತಾಯಿತು.

“ಹಾಗಾದ್ರೆ ಅದರ ಮೇಲೇ ಸ್ಥಾನ ಕೊಡೋಣ!”

“ಕೊಡು. ಆದರೆ ಗೋವರ್ಧನನಿಗಲ್ಲ.”

“ಮತ್ತೆ?”

“ಹೊಳೆಯಲ್ಲಿ ನಮ್ಮ ಎಮ್ಮೆ ಇದೆಯಲ್ಲ, ಅದು ಮೂತಿ ಮುಳುಗಿಸಿದರೆ ಎಷ್ಟು ಹೊತ್ತು ಇರುತ್ತೆ ಅಂತ ನೋಡಿದೀಯಾ?”

ಗೋವರ್ಧನ ಹೊಟ್ಟೆ ಹಿಡಿದುಕೊಂಡು ನಕ್ಕ. “ಅದರ ಶ್ರುತಿಯೂ ನನ್ನದೇ ಡಾಕ್ಟ್ರೇ! ಒಂದು ಮನೆ!”

ಇಂದುಧರ ನಗಲಿಲ್ಲ. ಅವನು ಹಲಗೆಯ ಮುಂದೆ ಹೋಗಿ ನಿಂತ.

“ಮೂರೂ ಅಂಕಿಗಳೇ” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. “ಒಂದು ಬರೀ ಹೆಸರು. ಒಂದು ಬರೀ ಮೆಟ್ಟಿಲು. ಒಂದು ನಿಜವಾದ ಅಳತೆ, ಆದರೆ ನಾನು ಕೇಳಿದ ಪ್ರಶ್ನೆಗೆ ಅಲ್ಲ. ಸೀಮೆಸುಣ್ಣದಲ್ಲಿ ಬರೆದಾಗ ಮೂರೂ ಒಂದೇ ಥರ ಕಾಣುತ್ವೆ.”

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸುತ್ತಿದ್ದರು.

“ಗುರುಗಳೇ, ನಾನು ಇದನ್ನು ಬರೆದ ದಿನ ನೀವು ಇಲ್ಲೇ ನಿಂತು ನೋಡಿದಿರಿ.”

“ನೋಡಿದೆ.”

“ನಿಮಗೆ ಆಗಲೇ ಗೊತ್ತಾಗಿತ್ತು.”

“ಗೊತ್ತಾಗಿತ್ತು.”

“ಮತ್ತೆ ಯಾಕೆ ಸುಮ್ಮನಿದ್ರಿ?”

ಗುರುಗಳು ತಂಬೂರಿಯ ಗವಸು ಎಳೆದು ಮುಚ್ಚಿದರು. ಹೊರಗೆ ಯಾರೋ ಬಿಂದಿಗೆ ಇಳಿಸಿದ ಸದ್ದಾಯಿತು.

“ಬಂದ ಉತ್ತರ ನನಗೆ ಬೇಕಾದದ್ದೇ ಆಗಿತ್ತು” ಎಂದರು.

ಗೋವರ್ಧನ ನಗುವುದನ್ನು ನಿಲ್ಲಿಸಿದ.

ವಾರಿಜಾ ತಲೆ ತಗ್ಗಿಸಿದಳು. ಅವಳಿಗೆ ಸಂತೋಷವಾಯಿತು. ಆ ಸಂತೋಷ ಅವಳಿಗೇ ಹಿಡಿಸಲಿಲ್ಲ.

ಇಂದುಧರ ಅರಿವೆ ಹಿಡಿದು ಹಲಗೆ ಒರೆಸಲು ಕೈಯೆತ್ತಿದ.

“ಬೇಡ” ಎಂದಳು ವಾರಿಜಾ. “ಪಂಚಮಿವರೆಗೆ ಇರಲಿ.”

*

ಪಂಚಮಿಯ ಬೆಳಿಗ್ಗೆ ಹಜಾರ ತುಂಬಿತ್ತು. ಹತ್ತು ಜನ ಕೇಳುಗರೂ ಬಂದಿದ್ದರು. ತಾಯಮ್ಮ ಮುಂದೆ ಕೂತಿದ್ದಳು. ಮೇಷ್ಟ್ರು ಅವಳಿಂದ ದೂರ ಕೂತಿದ್ದರು.

ಗುರುಗಳು ಜಗಲಿಯ ಮೇಲೆ ಕೂತರು. ಅವರ ಹಿಂದೆ ಒಂದು ಚಾಪೆ ಹಾಸಿತ್ತು.

ಚಂದ್ರಮೌಳಿಗಳು ಹಲಗೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು. “ಈ ಸಲ ಪಕ್ಷಪಾತಕ್ಕೆ ಎಡೆಯಿಲ್ಲ. ಲೆಕ್ಕ ಎಲ್ಲರ ಕಣ್ಣ ಮುಂದೆ ಇದೆ. ವಾರಿಜಾ, ಬಾರಮ್ಮ.”

ವಾರಿಜಾ ತಂಬೂರಿ ಹಿಡಿದು ಎದ್ದು ನಿಂತಳು. ಮುಂದೆ ಬರಲಿಲ್ಲ.

“ಬಾಮ್ಮಾ. ಸಂಕೋಚ ಯಾಕೆ?”

“ಸಂಕೋಚ ಇಲ್ಲ ಸಾರ್. ಆ ಅರ್ಧ ನನ್ನದಲ್ಲ.”

“ಯಾವ ಅರ್ಧ?”

“ನಾನು ಗೆದ್ದದ್ದು ಅರ್ಧದಲ್ಲಿ. ಅದು ಹಾರ್ಮೋನಿಯಂನ ಕರಿ ಮನೆ. ನನ್ನ ಗಂಟಲು ಹುಟ್ಟಿದ್ದೇ ಹಾಗೆ, ಅದಕ್ಕೆ ನಾನೇನೂ ಮಾಡಿಲ್ಲ.”

ಚಂದ್ರಮೌಳಿಗಳು ಇಂದುಧರನ ಕಡೆ ತಿರುಗಿದರು. “ಏನಯ್ಯಾ ಇದು?”

ಇಂದುಧರ ಎದ್ದು ನಿಂತ. “ಅವಳು ಹೇಳಿದ್ದು ಸರಿ ಸಾರ್. ಮೊತ್ತ ನಾನು ಮಾಡಿದ್ದು. ತಪ್ಪು ಮೊತ್ತ. ಆ ಅಂಕಿಗಳನ್ನು ಕೂಡಿಸೋ ಹಾಗೇ ಇರಲಿಲ್ಲ.”

“ಹಾಗಾದ್ರೆ ಗೋವರ್ಧನ ಬರಲಿ!”

“ನಾನು ಹೇಗೆ ಬರಲಿ?” ಎಂದ ಗೋವರ್ಧನ. “ಅವಳದು ತಪ್ಪು ಅಂದಮೇಲೆ ಅದೇ ಹಲಗೆ ಮೇಲಿರೋ ನನ್ನದೂ ತಪ್ಪೇ. ಎಮ್ಮೆ ಬೇಕಾದ್ರೆ ಕರೆಸಿ.”

ಯಾರೋ ಕಿಸಕ್ಕೆಂದರು. ಚಂದ್ರಮೌಳಿಗಳಿಗೆ ಬೆವರಿತು.

“ಜನ ಬಂದು ಕೂತಿದ್ದಾರೆ. ಸ್ಥಾನ ಖಾಲಿ ಇಡೋಕಾಗುತ್ತಾ? ಗುರುಗಳೇ, ನೀವಾದರೂ ಹೇಳಿ!”

ಗುರುಗಳು ಕೈಸನ್ನೆಯಿಂದ ಅವರನ್ನು ಸುಮ್ಮನಾಗಿಸಿದರು.

“ವಾರಿಜಾ, ಮೊತ್ತ ತಪ್ಪಿರಬಹುದು. ಬಂದ ಉತ್ತರ ತಪ್ಪಲ್ಲ. ಮೊನ್ನೆ ಹೇಳಿದ್ದನ್ನ ಈಗ ಎಲ್ಲರ ಮುಂದೆ ಹೇಳ್ತೀನಿ. ನನಗೆ ನೀನು ಬೇಕು. ಬಂದು ಕೂತ್ಕೋ.”

ಹಜಾರದಲ್ಲಿ ಗುಜುಗುಜು ಎದ್ದಿತು. ಗೋವರ್ಧನ ನೆಲ ನೋಡುತ್ತಿದ್ದ.

ವಾರಿಜಾಳ ಕಣ್ಣು ತುಂಬಿತು. ದನಿ ಮಾತ್ರ ಅಲುಗಲಿಲ್ಲ.

“ಬೇಕು ಅನ್ನೋದೂ ಅಳತೆ ಅಲ್ಲ ಗುರುಗಳೇ.”

ಗುಜುಗುಜು ನಿಂತಿತು.

“ಈ ಸಲ ನೀವು ಎದುರಿಗೆ ಕೂರಿಸಿಕೊಂಡು ನಮ್ಮಿಬ್ಬರ ಹಾಡನ್ನೂ ಕೇಳಲೇ ಇಲ್ಲ. ಊರಿನ ಹತ್ತು ಜನ ಕೇಳಿದರು. ಇಂದುಧರ ಗಡಿಯಾರ ನೋಡಿದ. ನೀವು ಹಲಗೆ ನೋಡಿದಿರಿ. ನಾನು ಬೇಕು ಅಂತ ನಿಮಗೆ ಅನ್ನಿಸಿದ್ದು ಯಾವಾಗಿನ ಹಾಡು ಕೇಳಿ? ಹೋದ ವರ್ಷದ್ದೋ, ಅದರ ಹಿಂದಿನದೋ? ಗೋವರ್ಧನಣ್ಣ ಈ ಒಂದು ವರ್ಷ ಎಷ್ಟು ದುಡಿದಿದ್ದಾನೆ ಅಂತ ಪಕ್ಕದ ಕೋಣೇಲಿರೋ ನನಗೆ ಗೊತ್ತು.”

“ಕಿವಿ ತಪ್ಪಬಹುದು ಮಗು” ಎಂದರು ಗುರುಗಳು. “ಒಂದು ಸಲ ತಪ್ಪಿದೆ. ಇಲ್ಲಿರೋರಿಗೆಲ್ಲ ಗೊತ್ತು.”

“ತಪ್ಪಲಿ. ಅದು ನಿಮ್ಮ ತಪ್ಪಾಗಿರಲಿ. ಹಲಗೆಯದಾಗೋದು ಬೇಡ.”

ಗುರುಗಳು ಕಣ್ಣು ಮುಚ್ಚಿ ತೆರೆದರು. ಸಭೆಯ ಮುಂದೆ ಕಣ್ಣು ಮುಚ್ಚಿದ್ದಕ್ಕೆ ಮೇಷ್ಟ್ರು ಏನೂ ಅನ್ನಲಿಲ್ಲ.

“ಈಗ ಕೂತರೆ ಸ್ಥಾನ ನಿನ್ನದು. ನಾನು ಎರಡನೇ ಸಲ ಕರೆಯೋದಿಲ್ಲ.”

“ಗೊತ್ತು.”

“ನಿಮ್ಮಣ್ಣ ನಾಳೆ ಬರ್ತಾನೆ.”

“ಗೊತ್ತು ಗುರುಗಳೇ.”

“ಇಬ್ಬರ ಹಾಡನ್ನೂ ಕೇಳಿದ ಮೇಲೆ ನಾನು ಗೋವರ್ಧನ ಅಂದರೆ?”

ವಾರಿಜಾ ತಂಬೂರಿಯನ್ನು ಗೋವರ್ಧನನ ಕೈಗೆ ಕೊಟ್ಟಳು. ಜಗಲಿ ಹತ್ತಿ, ಗುರುಗಳ ಬೆನ್ನ ಹಿಂದಿನ ಚಾಪೆಯನ್ನು ಸುತ್ತಿ ಎತ್ತಿಕೊಂಡು ಕೆಳಗಿಳಿದಳು. ಅದನ್ನು ಅವರ ಎದುರಿಗೆ, ಇಬ್ಬರು ಕೂರುವಷ್ಟು ಅಗಲಕ್ಕೆ ಬಿಡಿಸಿ ಹಾಸಿದಳು.